ರೇವಕ್ಕನ ಕಥೆಯ ಚಂದ್ರ

ಹೊಳೆದಂಡೆಯ ಆ ಮಠದಲ್ಲಿ ಒಂದು ಪದ್ಧತಿಯಿತ್ತು. ಶಿಷ್ಯೆಯರು ಏನು ಬರೆದರೂ ಮೊದಲು ಗುರುಗಳಾದ ಸಿದ್ದವ್ವತಾಯಿಗೆ ಓದಿ ಹೇಳಬೇಕು. ಅವರು ಒಪ್ಪಿದರೆ ಸಂಜೆ ಎಲ್ಲರೆದುರು ಓದಬಹುದು.

ರೇವಕ್ಕ ಪ್ರೇಮಕಥೆ ಬರೆದಿದ್ದಳು. ಒಬ್ಬರನ್ನೊಬ್ಬರು ಪ್ರೀತಿಸುವ ಇಬ್ಬರು ಹುಡುಗಿಯರ ಕಥೆ. ಇಪ್ಪತ್ತು ದಾಟಿದ ಹೆಣ್ಣು, ಅಂಜುತ್ತಲೇ ತಾಯಿಯೆದುರು ಓದಿದಳು. ಆ ಇಬ್ಬರು ಯಾರೆಂದು ತಿಳಿದರೆ ತನ್ನನ್ನು ಮಠದಿಂದ ಕಳಿಸಿಬಿಡುತ್ತಾರೆ. ತನ್ನ ಜೊತೆ ಕಲಿಯುವ ಪಾರವ್ವನನ್ನೂ.

ಕಥೆಯಲ್ಲಿ ಪುಟಕ್ಕೊಮ್ಮೆ ಚಂದ್ರ ಬಂದ. ಹುಡುಗಿಯರು ಜಗಳವಾಡಲಿಲ್ಲ, ಬೆವರಲಿಲ್ಲ. ಕೊನೆಗೆ ತುಂಬಿದ ಹೊಳೆ ದಾಟಿ ಆಚೆ ದಡದಲ್ಲಿ ಸುಖವಾಗಿದ್ದರು, ಅದೂ ಒಂದೇ ಸಾಲಿನಲ್ಲಿ. ಅಂಥ ಸುಖ ಎಲ್ಲಿ ಸಿಗುತ್ತದೋ, ನಾವಂತೂ ಕಂಡಿಲ್ಲ.

ತಾಯಿ ಆಕಳಿಸಿದರು.

"ಚಲೋ ಆಗಿಲ್ಲವ್ವಾ," ಅಂದರು.

ರೇವಕ್ಕನ ಮುಖ ಸುಟ್ಟ ಬದನೆಕಾಯಿಯಂತಾಯಿತು.

"ಇಬ್ಬರೂ ಹೆಣ್ಣು ಅಂತ ಹಂಗಂತೀರೇನ್ರಿ?"

"ಇಬ್ಬರೂ ಹೆಣ್ಣು ಅಂತಲ್ಲ. ಇಬ್ಬರಿಗೂ ಹೆದರಿಕಿ ಇಲ್ಲ."

ಅಷ್ಟು ಹೇಳಿ ಅವಳನ್ನು ಹೊಳೆಗೆ ಕರೆದೊಯ್ದರು. ಮೇಲೆಲ್ಲೋ ಮಳೆಯಾಗಿ ನೀರು ಕೆಂಪಾಗಿತ್ತು. ಮೆಟ್ಟಿಲ ಮೇಲೆ ಪಾರವ್ವ ಮತ್ತು ಇನ್ನು ಕೆಲವರು ಪಾತ್ರೆ ತಿಕ್ಕುತ್ತಿದ್ದರು. ಪಾದ ಮುಳುಗುವಷ್ಟು ಇಳಿದು ನಿಲ್ಲು, ನಿನ್ನ ಹುಡುಗಿಯರು ದಾಟಿದ್ದು ಎಂಥ ನೀರೆಂದು ನೋಡು ಎಂದರು ತಾಯಿ.

ರೇವಕ್ಕನಿಗೆ ಸಿಟ್ಟು ನೆತ್ತಿಗೇರಿತ್ತು. ಅವಳು ಪಾದಕ್ಕೆ ನಿಲ್ಲಲಿಲ್ಲ, ಮೊಣಕಾಲಿಗೂ ನಿಲ್ಲಲಿಲ್ಲ. ನೀರು ಸೊಂಟಕ್ಕೆ ಬಂದಾಗ ಕಾಲ ಕೆಳಗಿನ ಮರಳು ಜಾರಿತು. ತಿರುಗಲು ನೋಡಿದಳು, ಆಗಲಿಲ್ಲ. ಈಗ ಹೆದರಿಕೆಯಾಯಿತು.

ತಾಯಿ ಸೆರಗು ಸಿಕ್ಕಿಸಿ ನೀರಿಗಿಳಿದರು. ಅಷ್ಟರಲ್ಲಿ ಹಿಂದೆ ಕೊಡ ಉರುಳಿದ ಸದ್ದಾಯಿತು. ಪಾರವ್ವ ಅವರನ್ನೂ ದಾಟಿ ಓಡಿ, ರೇವಕ್ಕನ ಜಡೆಗೇ ಕೈ ಹಾಕಿ ದಡಕ್ಕೆ ಎಳೆದು ತಂದಳು. ಬೂದಿ ಹತ್ತಿದ ಕೈಯಿಂದ ಬೆನ್ನಿಗೆ ಒಂದು ಗುದ್ದಿದಳು.

"ಸಾಯೋದಿದ್ದರ ನನಗ ಹೇಳಿ ಸಾಯಿ, ಹುಚ್ಚಿ. ನೀ ಇಲ್ಲಂದ್ರ ನಾ ಇಲ್ಲಿ ಯಾರ ಮಾರಿ ನೋಡ್ಕೋತ ಇರಲಿ?"

ಆಮೇಲೆ ಅವಳ ಕೈ ಹಿಡಿದುಕೊಂಡು ಅತ್ತಳು.

ಪಾತ್ರೆಗಳ ಸದ್ದು ನಿಂತಿತ್ತು. ಎಲ್ಲರೂ ನೋಡುತ್ತಿದ್ದರು. ರೇವಕ್ಕ ಕೈ ಬಿಡಿಸಿಕೊಳ್ಳಲು ನೋಡಿದಳು. ಪಾರವ್ವ ಬಿಡಲಿಲ್ಲ. ಕೊನೆಗೆ ರೇವಕ್ಕನೇ ಗಟ್ಟಿಯಾಗಿ ಹಿಡಿದುಕೊಂಡಳು.

"ಗೊತ್ತಾತಲ್ರಿ ಅವ್ವಾ," ಅವಳು ಕೇಳಿದಳು. "ಇನ್ನ ನಾವು ಮಠ ಬಿಟ್ಟು ಹೋಗಬೇಕೇನ್ರಿ?"

ತಾಯಿ ಒದ್ದೆ ಸೆರಗು ಹಿಂಡಿದರು.

"ಕಥಿಯೊಳಗಿಂದ ಆ ಚಂದ್ರ ಹೋಗಲಿ. ನೀವಿಬ್ಬರೂ ಊಟಕ್ಕ ಬರ್ರಿ."