ಮದುವೆ ವಿಡಿಯೋದಲ್ಲಿ ಕೆಟ್ಟಿದ್ದು ಯಾವುದು ಅಂತ ಸಿಂಗ್ರ ಹುಡುಕಿದ್ದು

ಕೇಳಿ ಇಲ್ಲಿ. ಸಂತೆಪೇಟೆಯ ಪುಟ್ಟತಾಯಮ್ಮನಿಗೆ ದೇವರು ಕೊಟ್ಟಿದ್ದು ಎರಡೇ. ಒಂದು ಹಳೇ ಕಂಪ್ಯೂಟರು, ಇನ್ನೊಂದು ಸಿಂಗ್ರ ಅನ್ನೋ ಮಗ. ಕಂಪ್ಯೂಟರು ಹೇಳಿದ್ದರಲ್ಲಿ ಅರ್ಧ ಮಾಡೋದು. ಸಿಂಗ್ರ ಹೇಳಿದ್ದನ್ನೆಲ್ಲ ಮಾಡೋನು, ಅದೇ ಅವಳ ಕರ್ಮ.

ಗಂಡ ತೀರಿಕೊಂಡ ಮೇಲೆ ಮದುವೆ ವಿಡಿಯೋ ಅಂಗಡಿ ಅವಳೇ ನಡೆಸುತ್ತಿದ್ದಳು. ಆ ಪೇಟೆಯಲ್ಲೊಂದು ರೂಢಿ. ವಿಡಿಯೋ ಮನೆಗೆ ಒಯ್ಯೋ ಮುಂಚೆ ಎರಡೂ ಕಡೆ ಬೀಗರು ಅಂಗಡಿಗೇ ಬಂದು, ಸಾಲಾಗಿ ಕೂತು, ಮಂಡಕ್ಕಿ ಮುಕ್ಕುತ್ತಾ ಪೂರ್ತಿ ನೋಡಿ ಒಪ್ಪಬೇಕು. ಈ ಶುಕ್ರವಾರ ನಿಂಗಜ್ಜಿ ಬರೋಳಿದ್ದಳು. ಮೊಮ್ಮಗಳ ಮುಹೂರ್ತದ ಹೊತ್ತಲ್ಲಿ ಸೊಂಟ ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದ ಮುದುಕಿ.

"ತಾಳಿ ಕಟ್ಟೋದೊಂದು ಕಣ್ತುಂಬ ತೋರಿಸವ್ವ, ಸಾಕು," ಅಂದಿದ್ದಳು ಅಜ್ಜಿ. ಪುಟ್ಟತಾಯಮ್ಮ ಅವಳ ಕೈಹಿಡಿದು ಮಾತು ಕೊಟ್ಟಿದ್ದಳು.

ಮಾತೇನೋ ಕೊಟ್ಟಳು, ವಿಡಿಯೋ ಓಡಬೇಕಲ್ಲ. ಗಂಡಿನ ಕೈ ತಾಳಿ ಹಿಡಿದು ಕೊರಳ ಹತ್ತಿರ ಹೋಗೋದು, ನಿಲ್ಲೋದು. ಒಂಚೂರು ಜರುಗೋದು, ಮತ್ತೆ ನಿಲ್ಲೋದು. ಓಲಗದ ಸದ್ದು ಮಾತ್ರ ನಿಲ್ಲದೆ ಮುಂದೆ ಓಡಿ ಊಟದ ಪಂಕ್ತಿ ಸೇರಿಬಿಡೋದು.

"ಕಂಪ್ಯೂಟರ್ ಡಬ್ಬ ಕಾದುಬಿಟ್ಟಿದೆ ಕಣೋ ಸಿಂಗ್ರ," ಅಂದಳು ಅವ್ವ. "ಮುಚ್ಚಳ ಬಿಚ್ಚಿ ಗಾಳಿಗಿಡು."

ಸಿಂಗ್ರ ಮುಚ್ಚಳ ಬಿಚ್ಚಿದ. ಗಾಳಿ ಎಲ್ಲಿ ಚೆನ್ನಾಗಿದೆ ಅಂತ ನೋಡಿದ. ಹೊತ್ತೊಯ್ದು ನಡುಬೀದಿಯಲ್ಲಿಟ್ಟ. ಬಸ್ಸು ಹೋಯಿತು, ಕುರಿ ಮಂದೆ ಹೋಯಿತು, ಬೀದಿ ಧೂಳೆಲ್ಲ ಡಬ್ಬದೊಳಗೆ ಹೋಯಿತು.

"ಅಯ್ಯೋ ನಿನ್ನ ಮನೆ ಕಾಯ್ವಾಗ," ಅಂತ ತಲೆ ಚಚ್ಚಿಕೊಂಡಳು ಅವ್ವ. "ಧೂಳೆದ್ದರೆ ಬಟ್ಟೆ ಸುತ್ತಿ ಭದ್ರ ಮಾಡಬೇಕು ಕಣೋ."

"ಹೂಂ ಅವ್ವ. ಹಾಗೇ ಮಾಡ್ತೀನಿ."

ಹಾಗೇ ಮಾಡಿದ. ಮಾರನೇ ದಿನ ಅವ್ವ ಧೂಳೆಲ್ಲ ಒರೆಸಿ, ವಿಡಿಯೋ ಓಡಲಿಕ್ಕೆ ಬಿಟ್ಟು, ಇವನನ್ನು ಕಾವಲಿಗೆ ಕೂರಿಸಿ ನೀರಿಗೆ ಹೋದಳು. ಪಕ್ಕದ ಮನೆಯವರು ಅಂಗಳ ಗುಡಿಸಿದರು. ಧೂಳೆದ್ದಿತು. ಸಿಂಗ್ರ ಓಡುತ್ತಿದ್ದ ಕಂಪ್ಯೂಟರಿಗೆ ಕರೀ ಕಂಬಳಿ ಸುತ್ತಿ, ಹಗ್ಗ ಬಿಗಿದು, ಪಕ್ಕದಲ್ಲೇ ಕೂತ. ಅವ್ವ ಬರೋ ಹೊತ್ತಿಗೆ, ಕಂಪ್ಯೂಟರಿಗೆ ಸಿಕ್ಕಿಸಿದ್ದ ಟಿವಿಯಲ್ಲಿ ಮದುಮಗಳು ಹಸಿರಾಗಿದ್ದಳು, ಪುರೋಹಿತರ ಮೈಯೆಲ್ಲ ಗೆರೆ.

"ಕಾದಿರೋದಕ್ಕೆ ಯಾರಾದ್ರೂ ಕಂಬಳಿ ಹೊದಿಸ್ತಾರೇನೋ? ಕಾದರೆ ಮೈಮೇಲಿದ್ದದ್ದನ್ನೆಲ್ಲ ಬಿಚ್ಚಿ ಹಾಕಬೇಕು!"

"ಹೂಂ ಅವ್ವ. ಬಿಚ್ಚಿ ಹಾಕ್ತೀನಿ."

ರಿಪೇರಿ ಬಶೀರ್ ಸಾಬರು ಬಂದರು. ಒಂದು ವೈರು ತೆಗೆದು ಬೇರೆ ಹಾಕಿ ನೋಡಿದರು, ಅದೇ ಗೆರೆ. ಮೆಮೊರಿ ತೆಗೆದು ಬೇರೆ ಹಾಕಿದರು, ಅದೇ ಗೆರೆ. ಚಿತ್ರ ಓಡಿಸೋ ಗ್ರಾಫಿಕ್ಸ್ ಕಾರ್ಡು ತೆಗೆದು ತಮ್ಮದೊಂದು ಸಿಕ್ಕಿಸಿದರು. ಮದುಮಗಳು ಬಣ್ಣಕ್ಕೆ ಬಂದಳು.

"ನೋಡ್ಕೊಳಪ್ಪ ಸಿಂಗ್ರ. ತಡೆತಡೆದು ಬಂದರೆ ಒಂದೊಂದನ್ನೇ ತೆಗೀತಾ ಹೋಗಬೇಕು. ಯಾವುದನ್ನ ತೆಗೆದಾಗ ಸರಿಹೋಗುತ್ತೋ, ಅದೇ ಕೆಟ್ಟಿದ್ದು. ಈ ಕಾರ್ಡು ಕೊಟ್ಟೋರಿಗೇ ವಾಪಸ್ ಕೊಟ್ಟು ಬಾ, ಮೊನ್ನೆ ಮೊನ್ನೆ ಹಾಕಿಸಿದ್ದು, ವಾರಂಟಿ ಇದೆ. ಕಂಬಳಿ ಸುದ್ದಿ ಎತ್ತಬೇಡ."

ಸಿಂಗ್ರ ಕಾರ್ಡು ಹಿಡಿದು ಹೊರಟ. ಉರಿ ಬಿಸಿಲು, ಮೈ ಕಾಯಿತು. ಕಾದರೆ ಏನು ಮಾಡಬೇಕು? ಅಂಗಿ ಬಿಚ್ಚಿ ಹಾಕಿದ, ಪಂಚೆಯನ್ನೂ ಬಿಚ್ಚಿ ಹಾಕಿದ. ಬರೀ ಚಡ್ಡಿಯಲ್ಲಿ ಕಾರ್ಡು ಮಾರಿದ್ದ ಅಂಗಡಿಯ ಮೆಟ್ಟಿಲು ಹತ್ತಿದ. ಅಂಗಡಿಯಮ್ಮ ಹೆದರಿ, ಏನೂ ಕೇಳದೆ ಹೊಸ ಕಾರ್ಡು ಕೈಗಿಟ್ಟು ಓಡಿಸಿದಳು.

ಅವ್ವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಕೊಟ್ಟೋರ ಮುಂದೆ ಹಾಗಾ ಹೋಗಿ ನಿಲ್ಲೋದು? ಅಂಗಿ ತೊಟ್ಟು, ಕೈಮುಗಿದು, 'ಅಮ್ಮಾ, ನೀವು ಕೊಟ್ಟಿದ್ದು ಕೆಟ್ಟಿದೆ, ಬದಲಿ ಕೊಡಿ' ಅಂತ ಮರ್ಯಾದೆಯಾಗಿ ಕೇಳಬೇಕು."

"ಹೂಂ ಅವ್ವ. ಮರ್ಯಾದೆಯಾಗಿ ಕೇಳ್ತೀನಿ."

ಶುಕ್ರವಾರ ಬೀಗರೆಲ್ಲ ಬಂದರು. ನಿಂಗಜ್ಜಿಯನ್ನು ಕುರ್ಚಿ ಸಮೇತ ಎತ್ತಿ ತಂದು ಕೂರಿಸಿದರು. ಹೊಸ ಕಾರ್ಡಿನಲ್ಲಿ ವಿಡಿಯೋ ನೀರು ಹರಿದ ಹಾಗೆ ಓಡಿತು. ಪುಟ್ಟತಾಯಮ್ಮನ ಜೀವಕ್ಕೆ ಈಗ ನೆಮ್ಮದಿ.

ಆದರೆ ಮದುಮಗನಿಗೆ ತನ್ನನ್ನು ತಾನು ನೋಡಿಕೊಳ್ಳೋ ಹುಚ್ಚು. ಎದ್ದು ಹೋಗಿ ಟಿವಿಗೆ ಮೂಗು ತಾಗಿಸಿ ನಿಂತ. ತಾಳಿ ಕಟ್ಟೋ ಹೊತ್ತಿಗೆ ಅಜ್ಜಿಗೆ ಕಂಡಿದ್ದು ಅವನ ಬೆನ್ನು. ಹೊಸ ಅಳಿಯ, ಪಕ್ಕಕ್ಕೆ ಸರಿ ಅನ್ನೋರ್ಯಾರು? ಮುದುಕಿ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಸಿಂಗ್ರ ಕಿವಿಗೊಟ್ಟ. ಅಜ್ಜಿಯ ಅಳು ತಡೆತಡೆದು ಬರುತ್ತಿದೆ. ಒಂದೊಂದನ್ನೇ ತೆಗೀಬೇಕು.

ಅಜ್ಜಿ ಕೈಯಿಂದ ಮಂಡಕ್ಕಿ ತೆಗೆದ. ಅಳು ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಮೊಮ್ಮಗಳನ್ನು ಎಬ್ಬಿಸಿ ಆಚೆ ಕಳಿಸಿದ. ನಿಲ್ಲಲಿಲ್ಲ. ಮದುಮಗನ ರಟ್ಟೆ ಹಿಡಿದು ಪಕ್ಕಕ್ಕೆಳೆದ. ಅಜ್ಜಿಗೆ ಟಿವಿ ಪೂರ್ತಿ ಕಂಡಿತು. ಕೈ ಕೊರಳಿಗೆ ಹೋಯಿತು, ಮೂರು ಗಂಟೂ ಬಿತ್ತು, ಅಕ್ಷತೆ ಸುರಿಯಿತು. ಅಜ್ಜಿಯ ಅಳು ನಿಂತಿತು. "ನೋಡಿದೆ ಕಣವ್ವ," ಅಂದಳು, ಮುಖವೆಲ್ಲ ನಗು.

ಪುಟ್ಟತಾಯಮ್ಮನ ಕಣ್ಣು ತುಂಬಿ ಬಂತು. ಹುಟ್ಟಿದಾಗಿನಿಂದ ಮೊದಲ ಸಲ ಮಗ ಒಂದು ಕೆಲಸ ಸರಿಯಾಗಿ ಮಾಡಿದ್ದ. ಬಾ ಮಗನೇ ಅಂತ ಕೈಚಾಚಿದಳು.

ಸಿಂಗ್ರ ಬರಲಿಲ್ಲ. ಕೆಲಸ ಇನ್ನೂ ಬಾಕಿಯಿತ್ತು. ಅಂಗಿಯ ಗುಂಡಿ ಹಾಕಿಕೊಂಡ, ಪಂಚೆ ಸರಿಮಾಡಿಕೊಂಡ. ಮದುಮಗನನ್ನು ಎಳೆದುಕೊಂಡು ಹೋಗಿ ಅವನ ತಾಯಿಯ ಮುಂದೆ ನಿಲ್ಲಿಸಿ, ಮರ್ಯಾದೆಯಾಗಿ ಕೈಮುಗಿದ.

"ಅಮ್ಮಾ, ನೀವು ಕೊಟ್ಟಿದ್ದು ಕೆಟ್ಟಿದೆ. ಮದುವೆಯಾಗಿ ತಿಂಗಳಾಗಿಲ್ಲ, ವಾರಂಟಿ ಇರುತ್ತೆ. ಬದಲಿ ಕೊಡಿ."