ತಟ್ಟೆ ಖಾಲಿ ಎಂದ ಪೆಟ್ಟಿಗೆ

"ಕೇಳಿರಪ್ಪೋ ಕೇಳಿ! ಅರಮನೆಯ ಡಿವಿಡಿ ರೆಕಾರ್ಡರುಗಳು ಕೈಕೊಟ್ಟಿವೆ. ದೊರೆ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಯಂತ್ರಶಾಲೆಯ ಒಡೆತನ. ಒಂದು ತಪ್ಪಿದರೂ ತಲೆ ಹೋಗುತ್ತದೆ. ಸರಿ ತಪ್ಪನ್ನು ಯಂತ್ರವೇ ಹೇಳುತ್ತದೆ!"

ಈ ಡಂಗುರಕ್ಕೆ ಕಾರಣ ಹೊಟ್ಟೆಕಿಚ್ಚು. ಹೊನ್ನಗುಡ್ಡದ ದೊರೆ ವೀರಬಸವ ಮಗಳ ಕುಣಿತವನ್ನು ಡಿಸ್ಕಿಗೆ ಇಳಿಸಿ ನೆರೆಯ ದೊರೆಗೆ ಕಳಿಸಿದ್ದ, ನೋಡಿ ಉರಿದುಕೊಳ್ಳಲಿ ಎಂದು. ಅಲ್ಲಿ ಚಿತ್ರವೇ ಮೂಡಲಿಲ್ಲ. ಅವರು ನಕ್ಕು ಡಿಸ್ಕನ್ನು ಹಿಂದಕ್ಕೆ ಕಳಿಸಿದರು. ಉರಿದುಕೊಂಡವನು ಇವನೇ.

ಮೊದಲು ಬಂದವನು ಪೇಟೆಯ ದೊಡ್ಡ ಅಂಗಡಿಯವನು. ದೊರೆ ಕೇಳಿದ: "ತನ್ನ ಮನೆಯಲ್ಲಿ ಹಾಡುತ್ತಾನೆ, ಪಕ್ಕದ ಮನೆಯಲ್ಲಿ ಮೂಗ. ಯಾಕೆ?"

"ಡಿಸ್ಕಿಗೆ ಗೀರು ಬಿದ್ದಿದೆ, ಮಹಾಸ್ವಾಮಿ." ಉಜ್ಜಿ ಹಾಕಿದರೂ ಬೇರೆ ಯಂತ್ರ ಓದಲಿಲ್ಲ. ಅವನನ್ನು ಸೆರೆಮನೆಗೆ ಎಳೆದೊಯ್ದರು.

ಎರಡನೆಯವನು ಪದವಿ ಪಡೆದ ಪಂಡಿತ. "ನೆರೆಯವರ ಯಂತ್ರವೇ ದರಿದ್ರದ್ದು" ಎಂದ. ದೊರೆಗೆ ಹಿಗ್ಗಾಯಿತು. ಆದರೆ ಊರಿನ ಹತ್ತು ಯಂತ್ರಗಳಲ್ಲೂ ಡಿಸ್ಕ್ ಮೂಕವಾಗಿಯೇ ಉಳಿಯಿತು. ಅವನೂ ಸೆರೆಗೆ ಹೋದ. ಇಬ್ಬರ ತಲೆಗೂ ಮರುದಿನದ ಮುಹೂರ್ತ.

ಯಂತ್ರಶಾಲೆಯ ಒಡೆಯ ಭುಜಂಗಯ್ಯನಿಗೆ ಮಾತ್ರ ಹಬ್ಬ. ಯಾರೂ ಗೆಲ್ಲದಿದ್ದರೆ ಕುರ್ಚಿ ಅವನದೇ.

ಆಗ ಬಂದಳು ದುರುಗವ್ವ, ಪಾತ್ರೆಗೆ ಕಲಾಯಿ ಹಾಕುವವನ ಮಗಳು. ಗುಜರಿಗೆ ಬಿದ್ದ ಯಂತ್ರಗಳನ್ನು ಬಿಚ್ಚಿ ಬಿಚ್ಚಿಯೇ ಕಲಿತವಳು. ಭುಜಂಗಯ್ಯನ ಕುರ್ಚಿಯ ಮೇಲೆ ಅವಳಿಗೂ ಹೊಟ್ಟೆಕಿಚ್ಚಿತ್ತು. ಕೆಲಸ ಬಲ್ಲವರು ಬಿಸಿಲಲ್ಲಿ, ಬಾರದವರು ನೆರಳಲ್ಲಿ ಕೂತಿದ್ದರೆ ಇನ್ನೇನು ಹುಟ್ಟಬೇಕು?

"ಕಲಾಯಿಯವರಿಗೆ ಹಿಂಬಾಗಿಲು" ಎಂದ ಭುಜಂಗಯ್ಯ.

"ಪಾತ್ರೆ ನೀವೇ ಬೆಳಗಿಕೊಳ್ಳಿ. ನಾನು ಒಗಟಿಗೆ ಬಂದವಳು."

ಮೊದಲ ಒಗಟಿಗೆ ಅವಳು ನಕ್ಕಳು. "ಬರೆದದ್ದನ್ನು ಮುಗಿಸಿ ಮುದ್ರೆ ಒತ್ತಿಲ್ಲ, ದೊರೆ. ಫೈನಲೈಜ್ ಅಂತಾರೆ. ಅದಾಗದಿದ್ದರೆ ಬರೆದ ಯಂತ್ರ ಓದುತ್ತೆ, ಬೇರೆಯವು ಓದಲ್ಲ." ಕುಣಿತವನ್ನು ಬರೆದಿದ್ದ ರಾಜಕುಮಾರಿಯ ಯಂತ್ರದಲ್ಲೇ ಡಿಸ್ಕ್ ಹಾಕಿ ಅದನ್ನು ಮಾಡಿದಳು. ಈಗ ಎಲ್ಲ ಯಂತ್ರಗಳಲ್ಲೂ ಗೆಜ್ಜೆ ಕುಣಿಯಿತು.

"ಎರಡನೆಯದು. ರಾಣಿಯ ಕೋಣೆಯಲ್ಲೊಬ್ಬ ದೀಪ ಹಚ್ಚಿಕೊಂಡು ಕೂತಿದ್ದಾನೆ. ಎಬ್ಬಿಸಿದರೆ ಟಿಕ್ ಟಿಕ್ ಎನ್ನುತ್ತಾನೆ, ಏಳುವುದಿಲ್ಲ. ಏನು ರೋಗ?"

"ಹೊಟ್ಟೆಯುಬ್ಬರ." ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಕಾದು, ಮುಚ್ಚಳ ಬಿಚ್ಚಿದಳು. ಕರೆಂಟು ಹಿಡಿದಿಡುವ ಪುಟ್ಟ ಡಬ್ಬಿ, ಕೆಪಾಸಿಟರ್, ನೆತ್ತಿ ಉಬ್ಬಿಸಿಕೊಂಡು ನಿಂತಿತ್ತು. ಅದನ್ನು ತೆಗೆದು ಅದೇ ಅಳತೆಯ ಹೊಸದನ್ನು ಬೆಸುಗೆ ಹಾಕಿದಳು. ಯಂತ್ರ ಎದ್ದಿತು.

ಭುಜಂಗಯ್ಯನ ಮುಖ ಕಪ್ಪಿಟ್ಟಿತು. "ಕುರುಡಿಯ ಕಲ್ಲು ಮಾವಿಗೆ ಬಿತ್ತು" ಎಂದು ಗೊಣಗಿ, ಕತ್ತಿಯವನನ್ನು ಮುಂದೆ ಕರೆದ.

ದೊರೆ ತನ್ನದೇ ಯಂತ್ರ ತೋರಿಸಿದ. "ಬಾಯಿಗೆ ತುತ್ತಿಟ್ಟರೂ ತಟ್ಟೆ ಖಾಲಿ ಅನ್ನುತ್ತಾನೆ. ಇದು ಯಾರ ಕೇಡು?"

ಡಿಸ್ಕ್ ಹಾಕಿದಳು. ಡಿಸ್ಕ್ ಇಲ್ಲ ಎಂದಿತು ಯಂತ್ರ. ಮುಚ್ಚಳ ತೆಗೆದು ಮೂಸಿದಳು. ಒಳಗೆ ಪೂಜೆಕೋಣೆಯ ವಾಸನೆ.

"ಹೇಳು! ನೆರೆಯವನ ಕೆಟ್ಟ ಕಣ್ಣು ತಾನೇ?"

ಹೌದು ಎಂದಿದ್ದರೆ ದೊರೆ ಕುಣಿಯುತ್ತಿದ್ದ. ಆದರೆ ಸುಳ್ಳಿಗೆ ಯಂತ್ರ ಓಡುವುದಿಲ್ಲ.

"ಅಲ್ಲ. ನಿಮ್ಮದೇ ಕೇಡು."

ಕತ್ತಿ ಒರೆಯಿಂದ ಹೊರಬಂತು.

"ಅವನ ದೃಷ್ಟಿ ತಾಗಬಾರದು ಅಂತ ಸಾಂಬ್ರಾಣಿ ಹಾಕ್ತೀರಲ್ಲ, ಟ್ರೇ ತೆರೆದು ಒಳಕ್ಕೂ ಹೊಗೆ ಊದ್ತೀರಿ. ಡಿಸ್ಕನ್ನು ನೋಡೋ ಲೆನ್ಸಿಗೆ ಮಸಿ ಹಿಡಿದಿದೆ. ಕಣ್ಣು ಮುಚ್ಚಿದರೆ ತುತ್ತು ಹೇಗೆ ಕಂಡೀತು?"

"ಪ್ರತಿ ಶುಕ್ರವಾರ ಹಾಕುತ್ತೇನೆ" ಎಂದ ದೊರೆ, ಮೆಲ್ಲಗೆ.

ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಗುರವಾಗಿ ಒರೆಸಿದಳು. ಹತ್ತಿ ಕಪ್ಪಾಯಿತು. ಪರದೆಯ ಮೇಲೆ ರಾಜಕುಮಾರಿ ಕುಣಿದಳು. ದೊರೆ ಬಹಳ ಹೊತ್ತು ನೋಡಿದ. ಪಕ್ಕದ ರಾಜ್ಯದ ಹೆಸರೆತ್ತಲಿಲ್ಲ. ಕತ್ತಿ ಒಳಹೋಗಲಿ ಎಂದು ಕೈಸನ್ನೆ ಮಾಡಿದ.

"ಯಂತ್ರಶಾಲೆ ನಿನ್ನದು. ಒಪ್ಪುತ್ತೀಯಾ?"

"ಬೇಡ ಅನ್ನೋಕೆ ನಾನೇನು ಸನ್ಯಾಸಿಯೇ? ಸೆರೆಯಲ್ಲಿರೋ ಇಬ್ಬರನ್ನೂ ನನ್ನ ಯಂತ್ರಶಾಲೆಗೆ ಕಳಿಸಿಕೊಡಿ. ತಪ್ಪು ಉತ್ತರಕ್ಕೆ ತಲೆ ತೆಗೆದರೆ ಕಲಿಯೋರು ಯಾರು?"

ದೊರೆ ಅವರನ್ನು ಬಿಡಿಸಿದ. ದುರುಗವ್ವ ಭುಜಂಗಯ್ಯನ ಕುರ್ಚಿಯಲ್ಲಿ ಕೂತಳು. ಅವಳ ಕಿಚ್ಚು ಅಲ್ಲಿಗೆ ಆರಿತು. ಭುಜಂಗಯ್ಯನದು ಆರಲಿಲ್ಲ. ಅವಳು ಅವನನ್ನು ಓಡಿಸಲೂ ಇಲ್ಲ. ಕೈಗೆ ಸ್ಕ್ರೂಡ್ರೈವರ್ ಕೊಟ್ಟು, "ಬಿಚ್ಚಿ ನೋಡಿ, ಭುಜಂಗಯ್ಯನವರೇ" ಎಂದಳು.

ಹನ್ನೆರಡು ವರ್ಷ ಯಂತ್ರಶಾಲೆಯನ್ನು ಆಳಿದವನಿಗೆ ತಿರುಪುಮೊಳೆಯನ್ನು ಯಾವ ಕಡೆ ತಿರುಗಿಸಬೇಕೆಂದು ತಿಳಿದಿರಲಿಲ್ಲ.