ನಗಾರಿಯ ಡಂಕ್ವಾ ಮತ್ತು ಮೂರನೆಯ ಕೈ

ಹತ್ತಿರ ಬನ್ನಿ, ಇನ್ನೂ ಹತ್ತಿರ. ಗುಸುಗುಸು ಬೇಡ, ಹಿಂದೆ ಕೂತವರಿಗೂ ಕೇಳಿಸಲಿ.

ಕಡಲಿನಾಚೆ, ಆಫ್ರಿಕಾದ ಪಡುವಣ ಅಂಚಿನಲ್ಲಿ, ಅಬೋಸಾ ಅಂತ ಒಂದು ರಾಜ್ಯ. ಅದಕ್ಕೆ ಬೋಟೆ ಅಂತ ಒಬ್ಬ ದೊರೆ. ದೊರೆಯ ಆಸ್ಥಾನದಲ್ಲಿ ಡಂಕ್ವಾ ಅಂತ ಒಬ್ಬ ನಗಾರಿಯವನು. ನಗಾರಿಯವನು ಅಂದರೆ ಮದುವೆಗೆ ಬಂದು ಡಬಡಬ ಬಡಿದು, ಉಂಡು ಹೋಗುವವನಲ್ಲ. ಆ ಸೀಮೆಯಲ್ಲಿ ನಗಾರಿ ಮಾತಾಡುತ್ತದೆ. ದನಿ ಏರಿಸಿ, ಇಳಿಸಿ ಬಾರಿಸಿದರೆ ಸಾಕು, 'ಹೊಳೆ ಏರಿದೆ' ಅಂತಲೋ 'ದೊರೆ ಹೊರಟ' ಅಂತಲೋ ಮೂರು ಬೆಟ್ಟದಾಚೆಗೂ ತಿಳಿಯುತ್ತದೆ. ಕೇಳಿ ತಿಳಿಯುವವರು ಊರೆಲ್ಲ. ಬಾರಿಸಿ ಹೇಳಬಲ್ಲವರು ಮಾತ್ರ ನಾಲ್ಕೇ ಜನ: ಡಂಕ್ವಾ ಮತ್ತು ಅವನ ಮೂವರು ಶಿಷ್ಯರು.

ಡಂಕ್ವಾ ಏಳನೇ ವಯಸ್ಸಿಗೇ ಸೋದರಮಾವನ ಹತ್ತಿರ ಕಲಿಯಲು ಕೂತವನು. ಮಾವ ಮೂರು ವರ್ಷ ನಗಾರಿ ಮುಟ್ಟಗೊಡಲಿಲ್ಲ. ಹುಡುಗನನ್ನು ಮುಂದೆ ಕೂರಿಸಿಕೊಂಡು ಬರಿ ಬೆನ್ನಿನ ಮೇಲೆ ಬೆರಳಲ್ಲಿ ಬಾರಿಸುತ್ತಿದ್ದ. "ಕಿವಿ ಮರೆಯುತ್ತೆ ಕಣೋ, ಬೆನ್ನು ಮರೆಯಲ್ಲ" ಅನ್ನುತ್ತಿದ್ದ. ಕಲಿತ ಪಾಠವನ್ನು ಹುಡುಗ ಮಾವನ ಬೆನ್ನ ಮೇಲೆ ಒಪ್ಪಿಸಬೇಕು. ಅಲ್ಲಿನ ಪದ್ಧತಿಯೇ ಹಾಗೆ. ಹಾಗೆ ಕಲಿತ ಡಂಕ್ವಾ ಮೂವರು ದೊರೆಗಳಿಗೆ ಬಾರಿಸಿದ, ನಗಾರಿ ಬಾರಿಸುತ್ತಲೇ ಇಬ್ಬರನ್ನು ಮಣ್ಣಿಗೆ ಕಳಿಸಿಕೊಟ್ಟ. ತಲೆ ಹತ್ತಿಯಂತೆ ಬೆಳ್ಳಗಾಯಿತು. ಬಾಡು, ಮಾನು, ಟಾವಿಯಾ ಅಂತ ಮೂವರಿಗೆ ಅದೇ ರೀತಿ ಕಲಿಸಿದ. ಅವರೂ ಈಗ ಮಕ್ಕಳೊಂದಿಗರು.

ಹೀಗಿರುವಾಗ ರಾಜ್ಯಕ್ಕೆ ಒಂದು ಕೇಡು ಬಂತು. ದೊರೆ ಕಡಲ ಕಡೆಯಿಂದ ಉಪ್ಪು ತರಿಸಿದ. ಉಪ್ಪು ಹೊತ್ತವರ ಸಾಲು ಹೊರಟ ಗಳಿಗೆಗೇ ಎದುರು ಬೆಟ್ಟದ ಮೇಲಿಂದ ನಗಾರಿ ಕೇಳಿಸಿತು: 'ಉಪ್ಪು ಹೊರಟಿತು, ಉಪ್ಪು ಹೊರಟಿತು.' ಹೊಳೆಯಾಚೆಯ ಪಾಳೆಯಗಾರ ಬಂದು ದೋಚಿದ. ಎರಡನೇ ಸಲ ತರಿಸಿದ. ಮತ್ತೆ ನಗಾರಿ, ಮತ್ತೆ ದೋಚಿದ. ಮೂರನೇ ಸಲವೂ ಅದೇ ಕಥೆ. ಜನ ಏದುಸಿರು ಬಿಡುತ್ತ ಬೆಟ್ಟ ಹತ್ತಿ ನೋಡಿದರೆ ಅಲ್ಲೊಂದು ನರಪಿಳ್ಳೆಯೂ ಇಲ್ಲ.

ದೊರೆ ಡಂಕ್ವಾನನ್ನು ಕರೆಸಿದ.

"ಬಾರಿಸಿ ಮಾತಾಡೋ ಕೈ ಈ ರಾಜ್ಯದಲ್ಲಿ ನಾಲ್ಕು ಜನರದ್ದು. ಮೂರು ನಿನ್ನ ಶಿಷ್ಯರದ್ದು, ಒಂದು ನಿನ್ನದು. ಕಡೇ ಸಲ ನಗಾರಿ ಕೇಳಿಸಿದಾಗ ನೀನು ಎಲ್ಲಿದ್ದೆ?"

"ಮನೇಲಿ ಮಲಗಿದ್ದೆ ಒಡೆಯ."

"ನೋಡಿದವರು?"

ನೋಡಿದವರು ಯಾರೂ ಇರಲಿಲ್ಲ. ಹೆಂಡತಿ ಸೇರ್ವಾ ಸಂತೆಗೆ ಹೋಗಿದ್ದಳು.

"ಮೂರು ದಿನ ಕೊಟ್ಟಿದ್ದೀನಿ. ಕಳ್ಳನ್ನ ಹಿಡಿದುಕೊಡು. ಇಲ್ಲದಿದ್ದರೆ ನಿನ್ನ ನಗಾರಿಗೆ ಬೆಂಕಿ, ನಿನಗೆ ಗಡೀಪಾರು."

ಅರವತ್ತು ವರ್ಷ ತನ್ನ ಜೊತೆ ಬಾಳಿದ ನಗಾರಿ ಸುಟ್ಟುಹೋಗುವುದನ್ನು ನೆನೆದ ಮುದುಕ ಅವತ್ತೇ ಕಳ್ಳನನ್ನು ಹುಡುಕಲು ಹೊರಟ. ಅಂದಿನಿಂದ ಅವನ ಕಣ್ಣಿಗೆ ಅನುಮಾನ ಅಂಟಿಕೊಂಡಿತು.

ಮೊದಲ ದಿನ ಬಾಡುವಿನ ಮೇಲೆ ಅನುಮಾನ. ಬಾಡು ಬುಟ್ಟಿಗೆ ಎಲೆ ಮುಚ್ಚಿಕೊಂಡು, ಅತ್ತಿತ್ತ ನೋಡುತ್ತ ಕಾಡಿನಿಂದ ಬರುತ್ತಿದ್ದ. ಡಂಕ್ವಾ ಮರದ ಹಿಂದಿನಿಂದ ಹಾರಿ ಬಂದು ಎಲೆ ಕಿತ್ತ. ಒಳಗೆ ಅಂಗೈಯಗಲದ ಬಸವನಹುಳುಗಳು!

"ಸಾರು ಮಾಡೋಕೆ ಅಜ್ಜಾ," ಅಂದ ಬಾಡು. "ಇವು ಸಿಗೋ ಜಾಗ ಯಾರಿಗೂ ಹೇಳಬೇಡಿ. ಗೊತ್ತಾದ್ರೆ ಊರೇ ಬಂದು ಬಳ್ಕೊಂಡು ಹೋಗುತ್ತೆ."

ಎರಡನೇ ದಿನ ಮಾನುವಿನ ಮೇಲೆ ಅನುಮಾನ. ಮಾನು ಅಂಗೈ ತೋರಿಸದೆ ಬಚ್ಚಿಡುತ್ತಿದ್ದ. ಡಂಕ್ವಾ ಹಿಡಿದು ಬಿಡಿಸಿದರೆ ತುಂಬ ಬೊಬ್ಬೆ.

"ಬೆಟ್ಟದ ಮೇಲೆ ಬಾರಿಸಿ ಬಂದವಾ?"

"ಅಯ್ಯೋ, ಒನಕೆ ಹಿಡಿದು ಬಂದವು ಅಜ್ಜಾ. ಹೆಂಡತಿ ಬಾಣಂತಿ. ಮುದ್ದೆಗೆ ಗೆಡ್ಡೆ ಕುಟ್ಟೋದು ನಾನೇ. ಗಂಡಸರು ನೋಡಿದ್ರೆ ನಗ್ತಾರೆ ಅಂತ ಮುಚ್ಚಿಟ್ಟೆ."

ಮೂರನೇ ದಿನ ಟಾವಿಯಾ ತಾನಾಗಿಯೇ ಬಂದ. ಮೂವರಲ್ಲಿ ಅವನದೇ ಚೆಂದದ ಕೈ. ಒಂದು ಸೋರೆಬುರುಡೆ ಹೆಂಡ ತಂದ, ಕಾಲು ಒತ್ತಿದ, ಕಣ್ಣು ಒರೆಸಿಕೊಂಡ.

"ಹೇಳಬಾರದು ಅಜ್ಜಾ, ಆದರೂ ಹೊಟ್ಟೆ ಉರಿಯುತ್ತೆ. ಬಾಡು ದಿನಾ ಕಾಡಿಗೆ ಹೋಗ್ತಾನೆ. ಮಾನು ಕೈ ಬಚ್ಚಿಡ್ತಾನೆ. ನಾನೇನೂ ಹೇಳಲಿಲ್ಲ, ನೀವೇ ನೋಡಿ."

ಮುದುಕನಿಗೆ ಮತ್ತೆ ಬಾಡುವಿನ ಮೇಲೆ ಅನುಮಾನ, ಮತ್ತೆ ಮಾನುವಿನ ಮೇಲೆ ಅನುಮಾನ. ಟಾವಿಯಾ ಹೋದಮೇಲೆ ಹೆಂಡತಿಯನ್ನೂ ಬಿಡಲಿಲ್ಲ.

"ಆವತ್ತು ನೀನು ನಿಜವಾಗಿ ಸಂತೆಗೇ ಹೋಗಿದ್ಯಾ?"

ಸೇರ್ವಾ ಸೌಟು ಕೆಳಗಿಟ್ಟಳು. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ! ನಲವತ್ತು ವರ್ಷ ಬೇಯಿಸಿ ಹಾಕಿದ್ದಕ್ಕೆ ಇದಾ ನಂಗೆ ಸಿಕ್ಕಿದ್ದು? ಮೂರು ದಿನದಿಂದ ಕಣ್ಣು ನಂಬಿ ಏನು ಕಂಡ್ರಿ? ಆ ಮೂವರು ಬೆಳೆದದ್ದು ನಿಮ್ಮ ಬೆನ್ನ ಮೇಲೆ ಬಾರಿಸಿ. ಹೋಗಿ, ಬೆನ್ನನ್ನ ಕೇಳಿ!"

ಡಂಕ್ವಾ ಎದ್ದು ನೇರ ಅರಮನೆಗೆ ನಡೆದು, ಬೆಳಗಾಗುವ ತನಕ ಗಡುವು ಬೇಡಿದ.

ಮಾರನೆಯ ಬೆಳಗ್ಗೆ ಅರಮನೆಯ ಮುಂದಿನ ಮರದಡಿ ಊರೆಲ್ಲ ಸೇರಿತು. ಡಂಕ್ವಾ ಮೇಲುಹೊದಿಕೆ ತೆಗೆದು, ಬರಿ ಬೆನ್ನಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕೂತ.

"ದೊರೆಗಳೇ, ಬೆಟ್ಟದ ಮೇಲೆ ಬಾರಿಸಿದ ಕೈಯನ್ನು ನನ್ನ ಬೆನ್ನು ಗುರುತು ಹಿಡಿಯುತ್ತೆ. ಮೂವರೂ ಒಬ್ಬೊಬ್ಬರಾಗಿ ಬರಲಿ. ಬಾಯಿ ತೆರೆಯಬಾರದು. ಮೊದಲನೇ ಪಾಠ ಒಪ್ಪಿಸಿ ಹೋಗಲಿ."

ಒಂದು ಕೈ ಬಂತು. ತೂಕದ ಪೆಟ್ಟು, ಮೂರನೆಯದು ಯಾವಾಗಲೂ ಒಂದು ಚೂರು ತಡ. ಇಪ್ಪತ್ತು ವರ್ಷ ಬೈದರೂ ತಿದ್ದದ ತಪ್ಪು.

"ಬಾಡು," ಅಂದ ಡಂಕ್ವಾ.

ಎರಡನೇ ಕೈ ಬಂತು. ಹೆದರಿ ನಡುಗುತ್ತಿತ್ತು, ಬೊಬ್ಬೆಯ ನೋವಿಗೆ ಅಂಗೈ ಎತ್ತಿ ಬರೀ ಬೆರಳತುದಿ ಊರುತ್ತಿತ್ತು. ಆದರೂ ಆ ಓಟ ಮಾನುವಿನದೇ.

"ಮಾನು."

ಮೂರನೇ ಕೈ ಬಂತು. ಬಲಗೈ ಬೀಳಬೇಕಾದಲ್ಲಿ ಎಡಗೈ. ಹಗುರ ಬೇಕಾದಲ್ಲಿ ಭಾರ. ನಿನ್ನೆ ಕಲಿಯಲು ಕೂತವನ ಹಾಗೆ ಎಡವಿ ಎಡವಿ ಪಾಠ ಮುಗಿಯಿತು. ಡಂಕ್ವಾ ಕಣ್ಣಿನ ಬಟ್ಟೆ ಬಿಚ್ಚಿ ತಿರುಗಿದ. ಎದುರಿಗೆ ಟಾವಿಯಾ ನಿಂತಿದ್ದ.

"ದೊರೆಗಳೇ, ಈ ಕೈಗೆ ನಾನು ಕಲಿಸಿಲ್ಲ. ರಾಜ್ಯದಲ್ಲೇ ಚೆಂದ ಬಾರಿಸೋನು ಇವತ್ತು ಮೊದಲನೇ ಪಾಠ ಮರೆತಿದ್ದಾನೆ. ಯಾಕೆ ಅಂತ ಕೇಳಿ."

"ಭಯ ಅಜ್ಜಾ," ಅಂದ ಟಾವಿಯಾ. "ಭಯಕ್ಕೆ ಕೈ ತಪ್ಪಿತು."

"ಮಾನುಗೂ ಭಯ ಇತ್ತು. ಅವನ ಕೈ ನಡುಗಿತು, ಬೇರೆಯವನ ಕೈ ಆಗಲಿಲ್ಲ. ಬೆಟ್ಟದಿಂದ ಬರೋ ದನಿಯಲ್ಲಿ ಮಾತು ಕೇಳುತ್ತೆ ಮಗಾ, ಕೈ ಕೇಳಲ್ಲ. ನನ್ನ ಬೆನ್ನು ಅದನ್ನ ಹೇಗೆ ಗುರುತು ಹಿಡಿದೀತು? ನಾನು ಸುಳ್ಳು ಹೇಳಿದೆ. ಅವರಿಬ್ಬರು ಬೆಟ್ಟ ಹತ್ತಿರಲಿಲ್ಲ, ತಮ್ಮ ಕೈಯನ್ನ ತಮ್ಮ ಹಾಗೇ ಬಿಟ್ಟರು. ನೀನು ಹತ್ತಿದ್ದೆ, ಅದಕ್ಕೇ ಬಚ್ಚಿಟ್ಟೆ."

ಟಾವಿಯಾನ ಒಳಗಿದ್ದದ್ದೆಲ್ಲ ಉಕ್ಕಿ ಬಂತು. "ಇನ್ನೆಷ್ಟು ವರ್ಷ ಕಾಯಲಿ? ನಿಮಗೆ ಎಪ್ಪತ್ತಾಯ್ತು, ಆಸ್ಥಾನದ ನಗಾರಿಯ ಪೀಠ ಬಿಟ್ಟು ಏಳಲಿಲ್ಲ. ನೀವು ಗಡಿ ದಾಟಿದ್ರೆ ಆ ಜಾಗ ನಂದಾಗ್ತಿತ್ತು!" ಭಟರು ಅವನು ತೋರಿಸಿದ ಬೆಟ್ಟದ ಗುಹೆಯಲ್ಲಿ ಅಗೆದು, ಅವನು ಹೂತಿಟ್ಟ ನಗಾರಿ ತಂದು ಮುಂದಿಟ್ಟರು.

ದೊರೆ ಕೈ ಕಡಿಸಲು ಹೊರಟ. ಡಂಕ್ವಾ ಅಡ್ಡ ಬಂದ. "ಬೇಡಿ ಒಡೆಯ, ಆ ಕೈಗೆ ನಾನೇ ಕಲಿಸಿದ್ದು." ಆ ಸೀಮೆಯಲ್ಲಿ ಬಾರಿಸುವವನು ತನ್ನ ನಗಾರಿಯನ್ನು ತಾನು ಹೊರುವ ಹಾಗಿಲ್ಲ. ಮುಂದೆ ಒಬ್ಬ ತಲೆಯ ಮೇಲೆ ಹೊತ್ತು ನಡೆಯಬೇಕು, ಹಿಂದಿನಿಂದ ಇನ್ನೊಬ್ಬ ಬಾರಿಸಬೇಕು. ಹೊರುವವನು ಎಂದೂ ಬಾರಿಸುವ ಹಾಗಿಲ್ಲ. ಟಾವಿಯಾನಿಗೆ ಸಾಯುವ ತನಕ ಹೊರುವ ಕೆಲಸ ಬಿತ್ತು.

ಡಂಕ್ವಾ ಬಾಡು, ಮಾನು ಇಬ್ಬರ ಮುಂದೆ ಕೈ ಜೋಡಿಸಿದ. "ಒಳ್ಳೆಯವರನ್ನ ಕಳ್ಳರ ಹಾಗೆ ನೋಡಿದೆ ಮಕ್ಕಳೇ, ಕಳ್ಳನ ಕೈಲಿ ಕಾಲು ಒತ್ತಿಸಿಕೊಂಡೆ. ನಂಗೆ ನಾಚಿಕೆಯಾಗುತ್ತೆ." ಅವತ್ತೇ ಪೀಠದಿಂದ ಎದ್ದು ಇಬ್ಬರನ್ನೂ ಕೂರಿಸಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ನಮ್ಮಲ್ಲಿ ಅನ್ನುವುದಿಲ್ಲವೇ? ತಪ್ಪು ಮಾಡಿದವನು ಅದನ್ನು ಮುಚ್ಚಲು ಹೋಗಿಯೇ ಸಿಕ್ಕಿಬೀಳುತ್ತಾನೆ. ಇನ್ನೊಂದು ಮಾತು, ಇದು ದೊಡ್ಡವರಿಗೆ: ಅನುಮಾನ ಬಂದಾಗ ಬುಟ್ಟಿ ಮುಚ್ಚಿಕೊಂಡವನನ್ನು ಹಿಡಿಯುವ ಮೊದಲು, ಚಾಡಿ ಹೇಳಲು ಬಂದವನನ್ನು ಒಮ್ಮೆ ಸರಿಯಾಗಿ ನೋಡಿ. ಕಥೆ ಹೇಳಿದವಳ ಗಂಟಲು ಒಣಗಿತು, ಯಾರಾದರೂ ಎದ್ದು ಒಂದು ಲೋಟ ನೀರು ತನ್ನಿ.